ಕೂಲಂಟಿನ ಬಾಟಲಿಯೂ ಔಷಧದ ಪೀಪಾಯಿಯೂ

ಹೊನ್ನಾವರದಿಂದ ಭಟ್ಕಳದ ಕಡೆಗೆ ಸಾಗುವ 66ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಹಗಲಿರುಳೂ ಓಡುವ ಲಾರಿಗಳ ಇಂಜಿನ್ನಿನ ತಾಪವನ್ನು ಹೊತ್ತೊಯ್ಯುವ ಕೂಲಂಟ್ ಎಂಬ ಬಣ್ಣದ ದ್ರವವೂ, ಅಪ್ಸರಕೊಂಡದ ಜಲಪಾತಕ್ಕೆ ಬಂದವರು ಕುಡಿದು ಎಸೆದುಹೋಗುವ ನೀರಿನ ಬಾಟಲಿಯೂ ಎಥಿಲೀನ್ ಗ್ಲೈಕಾಲ್ ಎಂಬ ಒಂದೇ ದ್ರವ್ಯಕ್ಕೆ ಋಣಿಯಾಗಿರುವುವು. ವರ್ಣವಿಲ್ಲದ, ವಾಸನೆಯಿಲ್ಲದ, ತುಸು ಮಂದವಾದ ಈ ದ್ರವವು ಕುದಿಯಬೇಕಾದರೆ ಸುಮಾರು 197 ಡಿಗ್ರಿ ಸೆಲ್ಸಿಯಸ್ ಉಷ್ಣವು ಬೇಕು. ನೀರಿನೊಡನೆ ಬೆರೆತಾಗ ಹಿಮದೇಶಗಳಲ್ಲಿ ಅದನ್ನು ಹೆಪ್ಪುಗಟ್ಟಗೊಡದು, ನಮ್ಮ ಕರಾವಳಿಯ ಸೆಕೆಯಲ್ಲಿ ಬೇಗನೆ ಕುದಿಯಗೊಡದು. ಟೆರೆಫ್ತಾಲಿಕ್ ಆಮ್ಲದೊಡನೆ ಸಂಯೋಗಗೊಂಡು ಇದೇ ಪಾಲಿಯೆಸ್ಟರ್ ಬಟ್ಟೆಯೂ ಬಾಟಲಿಯೂ ಆಗುವುದು.

ಇಷ್ಟು ಉಪಕಾರಿಯಾದ ವಸ್ತುವಿಗೆ ಒಂದು ದಾರುಣ ಗುಣವುಂಟು: ಅದು ನಾಲಿಗೆಗೆ ಸಿಹಿ. ಹೊಟ್ಟೆಗೆ ಹೋದ ಮೇಲೆ ಯಕೃತ್ತು ಅದನ್ನು ಆಕ್ಸಾಲಿಕ್ ಆಮ್ಲದವರೆಗೂ ಮಾರ್ಪಡಿಸಲಾಗಿ, ಅದರ ಸೂಕ್ಷ್ಮ ಹರಳುಗಳು ಮೂತ್ರಪಿಂಡಗಳಲ್ಲಿ ನೆಲೆಸಿ ಅವನ್ನು ಕೆಡಿಸುವುವು. ಇದರ ಸಮೀಪಬಂಧುವಾದ ಡೈಎಥಿಲೀನ್ ಗ್ಲೈಕಾಲ್ ಬೇರೊಂದು ಮಾರ್ಗದಿಂದ ಮೂತ್ರಪಿಂಡಗಳನ್ನೇ ಹಾಳುಗೆಡಹುವುದು. ಔಷಧಗಳಲ್ಲಿ ನ್ಯಾಯವಾಗಿಯೇ ಬಳಸುವ ಪ್ರೊಪಿಲೀನ್ ಗ್ಲೈಕಾಲನ್ನಾಗಲಿ ಗ್ಲಿಸರಿನ್ನನ್ನಾಗಲಿ ಇವುಗಳ ಮಗ್ಗುಲಲ್ಲಿಟ್ಟರೆ ಬರಿಗಣ್ಣು ಭೇದವನ್ನು ಅರಿಯಲಾರದು. 1937ರಲ್ಲಿ ಅಮೆರಿಕದಲ್ಲಿ ನೂರಕ್ಕೂ ಮೀರಿ ಜನ ಡೈಎಥಿಲೀನ್ ಗ್ಲೈಕಾಲ್ ಬೆರೆತ ಔಷಧದಿಂದ ಸತ್ತರು. 1986ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಕಲುಷಿತ ಗ್ಲಿಸರಿನ್ನು 14 ರೋಗಿಗಳನ್ನು ಬಲಿಗೊಂಡಿತು, ನ್ಯಾಯಮೂರ್ತಿ ಲೆಂಟಿನ್ನರ ಆಯೋಗವೂ ಕುಳಿತಿತು. ಆದರೂ 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದ ಎಳೆಯ ಮಕ್ಕಳು ಕೆಮ್ಮಿನ ಸಿರಪ್ಪು ಕುಡಿದು ಮಡಿದರು. ಎಂಬತ್ತೆಂಟು ವರ್ಷಗಳ ಅಂತರದಲ್ಲಿ ಅದೇ ವಿಷ, ಅದೇ ಸಿಹಿ!

ಮಕ್ಕಳಿಗೆ ಔಷಧ ಕೊಡುವಾಗ ತಾಯಂದಿರು ಎಚ್ಚರದಿಂದಿರಬೇಕೆಂಬ ಉಪದೇಶವು ಇಲ್ಲಿ ನನಗೆ ಅನ್ಯಾಯವಾಗಿ ತೋರುತ್ತದೆ. ಕಾಸರಕೋಡಿನ ಮೀನುಗಾರ ತಾಯಿಯು ಚಮಚದಲ್ಲಿನ ಸಿರಪ್ಪನ್ನು ಯಾವ ಕಣ್ಣಿನಿಂದ ಪರೀಕ್ಷಿಸಿಯಾಳು? ಗ್ಯಾಸ್ ಕ್ರೊಮಟೋಗ್ರಫಿಯೆಂಬ ಪರೀಕ್ಷೆಯು ಈ ಕಲ್ಮಷವನ್ನು ಖಚಿತವಾಗಿ ತೋರಿಸಿಕೊಡುವುದು. ಕಾರ್ಖಾನೆಗೆ ಬಂದ ಒಂದೊಂದು ಪೀಪಾಯಿಯನ್ನೂ, ಮಾರಿದವನ ಪ್ರಮಾಣಪತ್ರವನ್ನಷ್ಟೇ ನಂಬದೆ, ಪರೀಕ್ಷಿಸಿಯೇ ತೆರೆಯತಕ್ಕದ್ದು, ಆ ಪರೀಕ್ಷೆಯ ವರದಿಯನ್ನು ಸರ್ಕಾರದ ಅಧಿಕಾರಿಯು ಕಾರ್ಖಾನೆಗೇ ಹೋಗಿ ನೋಡತಕ್ಕದ್ದು.

ನಮ್ಮೂರಿನವರು ಮಾಡಬಹುದಾದುದೂ ಒಂದುಂಟು. ಉಳಿದ ಕೂಲಂಟನ್ನು ಕುಡಿಯುವ ನೀರಿನ ಹಳೆಯ ಬಾಟಲಿಯಲ್ಲಿ ತುಂಬಿಡುವುದೂ, ಹಳೆಯದನ್ನು ಗ್ಯಾರೇಜಿನ ಮುಂದಿನ ಚರಂಡಿಗೆ ಸುರಿಯುವುದೂ ನಿಲ್ಲಬೇಕು. ಚರಂಡಿಯ ಸಿಹಿಯನ್ನು ನೆಕ್ಕಿದ ನಾಯಿಯೂ ಸಾಯುವುದು. ಮಳೆಯೊಡನೆ ಹಳ್ಳಕ್ಕಿಳಿದ ಗ್ಲೈಕಾಲನ್ನು ಸೂಕ್ಷ್ಮಜೀವಿಗಳು ಕರಗಿಸುವಾಗ ಮೀನಿನ ಪಾಲಿನ ಆಮ್ಲಜನಕವು ವ್ಯಯವಾಗುವುದು. ಪಟ್ಟಣ ಪಂಚಾಯತಿಯು ಹಳೆಯ ಇಂಜಿನ್ ಎಣ್ಣೆಯಿಂದ ಪ್ರತ್ಯೇಕವಾಗಿ ಇದನ್ನು ಶೇಖರಿಸುವ ಪೀಪಾಯಿಯೊಂದನ್ನು ಗ್ಯಾರೇಜುಗಳ ಬಳಿ ಇಡಿಸಿ, ತುಂಬಿದಾಗ ಸಂಸ್ಕರಣೆಗೆ ಸಾಗಿಸುವ ಏರ್ಪಾಡನ್ನು ಈ ಮಳೆಗಾಲಕ್ಕೆ ಮೊದಲೇ ಮಾಡಲಿ.