ಊರಿನ ಪತ್ರಿಕೆಯೂ ಮನೆಯ ದೂರದರ್ಶನವೂ



ಗೃಹಸ್ಥನಾದವನು ತಿಂಗಳ ಮೊದಲಲ್ಲಿ ಹಾಲು, ಕಿರಾಣಿ, ವಿದ್ಯುತ್ತು, ಮಕ್ಕಳ ಶಾಲೆಯ ಶುಲ್ಕ ಎಂದು ಲೆಕ್ಕ ಬರೆಯುತ್ತಾ ಹೋದಂತೆ ಕೊನೆಯಲ್ಲಿ ಎರಡು ಸಣ್ಣ ಬಾಬುಗಳು ಉಳಿಯುತ್ತವೆ. ಒಂದು ದಿನಪತ್ರಿಕೆಯ ಬಿಲ್ಲು, ಇನ್ನೊಂದು ಕೇಬಲ್ ಅಥವಾ ಡಿಶ್ಶಿನ ಶುಲ್ಕ. ಕೈ ಬಿಗಿಯಾದಾಗ ಮೊದಲು ನಿಲ್ಲುವುದು ಪತ್ರಿಕೆ. ‘ಸುದ್ದಿಯೆಲ್ಲ ಟಿ.ವಿ.ಯಲ್ಲಿ ಬರುತ್ತದಲ್ಲ’ ಎಂಬುದು ಅದಕ್ಕೆ ಹೇಳುವ ಸಮಾಧಾನ. ಬಳ್ಳಾರಿಯ ಪಾರ್ವತಿನಗರದಿಂದ ಸಿರುಗುಪ್ಪ, ಕುರುಗೋಡಿನವರೆಗೆ ಅನೇಕ ಮನೆಗಳಲ್ಲಿ ನಾನು ಈ ಮಾತನ್ನು ಕೇಳಿದ್ದೇನೆ. ಅದು ಎಷ್ಟರಮಟ್ಟಿಗೆ ನಿಜವೆಂಬುದನ್ನು ಈ ತಿಂಗಳು ವಿಚಾರಿಸೋಣ.

ಪತ್ರಿಕೆಗೂ ಬಳ್ಳಾರಿಗೂ ಇರುವ ನಂಟು ಬಹಳ ಹಳೆಯದು. 1843ರ ಜುಲೈ 1ರಂದು ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗರು ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರತಂದರು. ಕನ್ನಡದ ಮೊದಲ ಪತ್ರಿಕೆಯೆಂದು ಅದನ್ನು ಗೌರವಿಸಿ ಇಂದಿಗೂ ಆ ದಿನವನ್ನು ಪತ್ರಿಕಾ ದಿನವಾಗಿ ಆಚರಿಸುತ್ತೇವೆ. ಅದು ಕಲ್ಲಚ್ಚಿನಲ್ಲಿ ಮುದ್ರಣವಾಗುತ್ತಿದ್ದ ಪಾಕ್ಷಿಕ. ಮರುವರ್ಷವೇ, ಅಂದರೆ 1844ರಲ್ಲಿ, ಅದು ‘ಕನ್ನಡ ಸಮಾಚಾರ’ವೆಂಬ ಹೆಸರು ತಾಳಿ ಬಳ್ಳಾರಿಯಲ್ಲಿ ಅಚ್ಚಾಗತೊಡಗಿತು. ಮೊಳೆಯಚ್ಚಿನ ಅನುಕೂಲ ಇಲ್ಲಿತ್ತೆಂಬುದೇ ಅದಕ್ಕೆ ಕಾರಣ. ಆಗ ಬಳ್ಳಾರಿಯು ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಮೈಸೂರು ರಾಜ್ಯವನ್ನು ಸೇರಿದ್ದು 1953ರ ಅಕ್ಟೋಬರ್ 1ರಂದು. ರಾಜ್ಯವು ಕನ್ನಡದ್ದಾಗುವುದಕ್ಕೆ ನೂರು ವರ್ಷಗಳಿಗೂ ಮುನ್ನವೇ ಕನ್ನಡ ಪತ್ರಿಕೆಯನ್ನು ಅಚ್ಚುಹಾಕಿದ ಊರಿನವರು ನಾವು.

ಹಾಗೆಂದು ದೂರದರ್ಶನವನ್ನು ಹಳಿಯುವುದು ನನ್ನ ಉದ್ದೇಶವಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ, ಅಮೆರಿಕದ ಉಪಗ್ರಹವೊಂದರ ನೆರವಿನಿಂದ, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ‘ಸೈಟ್’ ಎಂಬ ಪ್ರಯೋಗ ನಡೆಯಿತು. ನಮ್ಮ ರಾಜ್ಯದಲ್ಲಿ ಅದಕ್ಕೆ ಆರಿಸಿಕೊಂಡದ್ದು ರಾಯಚೂರು, ಗುಲ್ಬರ್ಗಾ ಮತ್ತು ವಿಜಾಪುರ ಜಿಲ್ಲೆಗಳನ್ನು. ಸಿರುಗುಪ್ಪದಿಂದ ಹೊಳೆ ದಾಟಿದರೆ ರಾಯಚೂರು ಜಿಲ್ಲೆ. ಅಲ್ಲಿಯ ಹಳ್ಳಿಗರು ಸಾರ್ವಜನಿಕ ಪೆಟ್ಟಿಗೆಯ ಮುಂದೆ ನೆಲದ ಮೇಲೆ ಕುಳಿತು ಬೇಸಾಯ, ಆರೋಗ್ಯ, ಶಿಕ್ಷಣದ ಮಾತುಗಳನ್ನು ಕೇಳಿದರು. ಅಕ್ಷರ ಕಲಿಯುವ ಅವಕಾಶವೇ ದೊರೆಯದ ತಾಯಂದಿರಿಗೆ ಲೋಕವನ್ನು ತೋರಿಸಿದ್ದು ದೂರದರ್ಶನ. ಕಣ್ಣು ಮಂಜಾಗಿ ಸಣ್ಣ ಅಕ್ಷರ ಓದಲಾಗದ ಹಿರಿಯರಿಗೂ ಇಂದು ಅದೇ ಸಂಗಾತಿ. ಈ ಉಪಕಾರವನ್ನು ಮರೆಯಬಾರದು.

ಆದರೆ ದೂರದರ್ಶನವು ಎಲ್ಲರಿಗೂ ಒಂದೇ ಮಾತನ್ನು ಹೇಳುತ್ತದೆ. ಬೀದರಿನವನಿಗೆ ಹೇಳಿದ್ದನ್ನೇ ಚಾಮರಾಜನಗರದವನಿಗೂ ಹೇಳಬೇಕಾದುದು ಅದರ ಕಟ್ಟು. ನಮ್ಮ ಓಣಿಯ ಮಾತಿಗೆ ಅಲ್ಲಿ ಎಡೆ ಕಡಿಮೆ. ಒಂದು ಉದಾಹರಣೆಯನ್ನು ನೋಡಿರಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತಾತ್ಕಾಲಿಕ ಗೇಟನ್ನು ಕೂರಿಸಿ ನೀರನ್ನು ತಡೆಯುವುದಕ್ಕೆ ಸುಮಾರು ಒಂದು ವಾರವೇ ಹಿಡಿಯಿತು. ಭೋರ್ಗರೆದು ಹರಿಯುವ ನೀರಿನ ಆ ದೃಶ್ಯವನ್ನು ನಾಡಿಗೆ ನಾಡೇ ಮನೆಯಲ್ಲಿ ಕುಳಿತು ಕಂಡಿತು. ದೃಶ್ಯವೇನೋ ಸತ್ಯ. ಆದರೆ ಬತ್ತ ನಾಟಿ ಮಾಡಿದ ಸಿರುಗುಪ್ಪದ ರೈತನಿಗೆ ಬೇಕಾಗಿದ್ದ ಉತ್ತರ ಬೇರೆ. ನನ್ನ ಕಾಲುವೆಗೆ ನೀರು ಯಾವ ದಿನದವರೆಗೆ? ನಮ್ಮ ಉಪಕಾಲುವೆಯ ಸರದಿ ಎಂದು? ಎರಡನೆಯ ಬೆಳೆಗೆ ಸಾಲ ಮಾಡಬಹುದೇ, ಬೇಡವೇ? ನೀರಾವರಿ ಸಲಹಾ ಸಮಿತಿಯು ಸಭೆ ಸೇರಿ ನೀರಿನ ದಿನಗಳನ್ನು ಗೊತ್ತುಮಾಡಿದಾಗ ಅದನ್ನು ಕಾಲುವೆ ಕಾಲುವೆಯಾಗಿ ಬಿಡಿಸಿ ಅಚ್ಚು ಹಾಕುವ ಸ್ಥಳ ಜಿಲ್ಲೆಯ ಪುಟ. ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಬಹುದು, ನೆರೆಯವನಿಗೆ ತೋರಿಸಬಹುದು, ಕಚೇರಿಗೆ ಒಯ್ದು ‘ಹೀಗೆಂದು ಪ್ರಕಟವಾಗಿದೆಯಲ್ಲ, ನೀರೇಕೆ ಬಂದಿಲ್ಲ?’ ಎಂದು ಕೇಳಬಹುದು.

ಪಟ್ಟಣದವರಿಗೂ ಇದೇ ಮಾತು ಸಲ್ಲುತ್ತದೆ. ಯಾವ ಬಡಾವಣೆಯಲ್ಲಿ ಎಷ್ಟು ಹೊತ್ತು ವಿದ್ಯುತ್ತಿಲ್ಲ, ಪಾಲಿಕೆಯ ಸಭೆಯಲ್ಲಿ ಒಳಚರಂಡಿಯ ವಿಷಯ ಏನಾಯಿತು, ಹರಾಜು, ಟೆಂಡರು, ನಿಧನವಾರ್ತೆ, ಇವೆಲ್ಲವೂ ದೊಡ್ಡ ವಾಹಿನಿಗೆ ಸುದ್ದಿಯಲ್ಲ, ನಮಗೆ ಸುದ್ದಿ. ಊರಿನ ಪತ್ರಿಕೆಯನ್ನು ಊರಿನವರೇ ಕೊಳ್ಳದಿದ್ದರೆ ಪಾಲಿಕೆಯ ಸಭೆಗೆ ಹೋಗಿ ಬರೆದುಕೊಳ್ಳುವವನು ಇಲ್ಲವಾಗುತ್ತಾನೆ. ಆ ಬಳಿಕ ಅಲ್ಲಿ ನಡೆದುದು ನಮಗೆ ತಿಳಿಯುವುದು ಚರಂಡಿ ಉಕ್ಕಿದ ದಿನವೇ.

ಪತ್ರಿಕೆಯಲ್ಲಿ ದೋಷವಿಲ್ಲವೇ? ಉಂಟು. ಚುನಾವಣೆಯ ಕಾಲದಲ್ಲಿ ಹಣ ಪಡೆದು ಜಾಹೀರಾತನ್ನೇ ಸುದ್ದಿಯಂತೆ ಅಚ್ಚುಹಾಕುವ ‘ಕಾಸಿಗಾಗಿ ಸುದ್ದಿ’ಯ ಪಿಡುಗನ್ನು ಭಾರತೀಯ ಪತ್ರಿಕಾ ಮಂಡಳಿಯೇ 2010ರ ತನ್ನ ವರದಿಯಲ್ಲಿ ಒಪ್ಪಿಕೊಂಡಿದೆ. ಆದುದರಿಂದ ಓದುವವನು ವಿವೇಕವನ್ನು ಬಿಡಲಾಗದು. ಪತ್ರಿಕೆಯ ಪುಟದ ಅಡಿಯಲ್ಲಿ ಸಣ್ಣ ಅಕ್ಷರದ ಒಂದು ಸಾಲು ಇರುತ್ತದೆ; ಮುದ್ರಕ, ಪ್ರಕಾಶಕ, ಸಂಪಾದಕ ಯಾರು, ಅಚ್ಚಾದದ್ದು ಎಲ್ಲಿ ಎಂಬುದನ್ನು ಅದು ಹೇಳುತ್ತದೆ. 1867ರ ಕಾಯಿದೆಯ ಕಾಲದಿಂದ ಬಂದ ಕಟ್ಟಳೆಯಿದು. ಮಕ್ಕಳಿಗೆ ಆ ಸಾಲನ್ನು ತೋರಿಸಿ. ಬರೆದುದಕ್ಕೆ ಉತ್ತರಿಸಬೇಕಾದವನು ಯಾರೆಂಬುದು ಅವರಿಗೂ ತಿಳಿಯಲಿ. ದೂರದರ್ಶನದಲ್ಲಿ ಅನುಚಿತವಾದುದು ಬಂದರೆ ಸುಮ್ಮನಿರಬೇಕೆಂದಿಲ್ಲ. 2021ರ ನಿಯಮಗಳ ಪ್ರಕಾರ ವಾಹಿನಿಗೆ ನೇರವಾಗಿ ದೂರು ಬರೆಯಬಹುದು. 15 ದಿನಗಳೊಳಗೆ ಅದನ್ನು ತೀರ್ಮಾನಿಸುವುದು ವಾಹಿನಿಯ ಹೊಣೆ.

ಇನ್ನು ಖರ್ಚಿನ ಮಾತು. 2019ರ ಫೆಬ್ರವರಿ 1ರಿಂದ ಬೇಕಾದ ವಾಹಿನಿಗಳನ್ನು ಬಿಡಿಬಿಡಿಯಾಗಿ ಆರಿಸಿಕೊಳ್ಳುವ ಹಕ್ಕು ಗ್ರಾಹಕನಿಗೆ ದೊರೆತಿದೆ. ಆದರೂ ಕೇಬಲ್ಲಿನವರು ಕಟ್ಟಿಕೊಟ್ಟ ಗಂಟನ್ನೇ ಒಪ್ಪಿ, ಎಂದೂ ತೆರೆಯದ ವಾಹಿನಿಗಳಿಗೂ ಹಣ ತೆರುವ ಮನೆಗಳು ಬಹಳ. ಒಂದು ಸಂಜೆ ಮನೆಮಂದಿಯೆಲ್ಲ ಕುಳಿತು, ಅಜ್ಜಿಗೆ ಬೇಕಾದುದೇನು, ಸೊಸೆಗೆ ಬೇಕಾದುದೇನು, ಮಕ್ಕಳಿಗೆ ಉಚಿತವಾದುದೇನು ಎಂದು ಪಟ್ಟಿ ಮಾಡಿ, ಉಳಿದುದನ್ನು ತೆಗೆಸಿರಿ. ಪ್ರಸಾರ ಭಾರತಿಯ ಫ್ರೀ ಡಿಶ್ ಸೇವೆಗೆ ತಿಂಗಳ ಶುಲ್ಕವೇ ಇಲ್ಲ. ತಟ್ಟೆ, ಪೆಟ್ಟಿಗೆಗೆ ಒಮ್ಮೆ ಹಣ ಕೊಟ್ಟರೆ ಸಾಕು. ಕನ್ನಡದ ಚಂದನ ಅದರಲ್ಲಿ ಬರುತ್ತದೆ. ಹೀಗೆ ಉಳಿದ ಹಣದಿಂದ ಪತ್ರಿಕೆಯನ್ನು ಮತ್ತೆ ತರಿಸಬಹುದು.

ಪತ್ರಿಕೆ ಬಂದ ಮೇಲೆ ಅದು ಮಡಿಕೆ ಬಿಚ್ಚದೆ ರದ್ದಿಗೆ ಹೋಗಬಾರದು. ಗಡಿಯ ಜಿಲ್ಲೆಯಾದ ನಮ್ಮಲ್ಲಿ ಓಣಿಯ ಮಾತು ಕನ್ನಡ ತೆಲುಗು ಎರಡೂ. ಮಕ್ಕಳ ಪಾಠ ಬಹುಮಟ್ಟಿಗೆ ಇಂಗ್ಲಿಷು. ಕನ್ನಡವನ್ನು ಓದುವ ರೂಢಿ ಮನೆಯಲ್ಲಿಯೇ ಆಗಬೇಕು. ಬೆಳಗಿನ ಉಪಾಹಾರದ ಹೊತ್ತಿಗೆ ಮಗುವೊಂದು ಜಿಲ್ಲೆಯ ಪುಟದಿಂದ ಒಂದು ಸುದ್ದಿಯನ್ನು ಗಟ್ಟಿಯಾಗಿ ಓದಲಿ, ಹಿರಿಯರು ಕೇಳಲಿ. ಹತ್ತು ನಿಮಿಷ ಸಾಕು. ಮಗುವಿನ ನಾಲಗೆ ಹದವಾಗುತ್ತದೆ, ಮಂಜುಗಣ್ಣಿನ ಅಜ್ಜನಿಗೂ ಊರಿನ ಸಮಾಚಾರ ತಿಳಿಯುತ್ತದೆ. ಬರುವ ತಿಂಗಳಿನಿಂದ ಈ ಪದ್ಧತಿಯನ್ನು ತಮ್ಮ ಮನೆಗಳಲ್ಲಿ ಆರಂಭಿಸಬೇಕೆಂದು ಓದುಗ ಬಂಧುಗಳಲ್ಲಿ ಬಿನ್ನಹ.