ಸನ್ನಿಗೆ ಮೊದಲ ಮದ್ದು ಯಾವುದು?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಯಿಂದ ವೃದ್ಧರನ್ನು ವಿಜಯಪುರದ ಅಥವಾ ಸೊಲ್ಲಾಪುರದ ಆಸ್ಪತ್ರೆಗೆ ಕರೆದೊಯ್ದವರಿಗೆ ಈ ದೃಶ್ಯವು ಹೊಸದಾಗಿರಲಾರದು. ಸೊಂಟದ ಮೂಳೆ ಮುರಿದು ಶಸ್ತ್ರಕ್ರಿಯೆಯಾದ ಮುತ್ಯಾ ಹಗಲೆಲ್ಲ ಸರಿಯಾಗಿಯೇ ಮಾತನಾಡುತ್ತಾನೆ. ರಾತ್ರಿಯಾದೊಡನೆ ಸಲೈನಿನ ಸೂಜಿಯನ್ನು ಕಿತ್ತೆಸೆದು, ಎಂದೋ ತೀರಿಹೋದ ತಮ್ಮನನ್ನು ಕೂಗುತ್ತಾನೆ. ಹುಚ್ಚು ಹಿಡಿಯಿತೆಂದು ಕೆಲವರು, ಗಾಳಿ ಸೋಕಿತೆಂದು ಕೆಲವರು ಹೇಳುತ್ತಾರೆ. ಇಂಜೆಕ್ಷನ್ ಕೊಟ್ಟು ಮಲಗಿಸಿಬಿಡಿರೆಂದು ಎಲ್ಲರೂ ಬೇಡುತ್ತಾರೆ. ಈ ಕೊನೆಯ ಬೇಡಿಕೆಯನ್ನು ಕುರಿತೇ ನಾವು ಎರಡು ಮಾತು ಹೇಳಬಯಸುತ್ತೇವೆ.

ಈ ಸ್ಥಿತಿಯನ್ನು ನಮ್ಮ ಹಿರಿಯರು ಸನ್ನಿ ಎಂದು ಕರೆದರು. ಇದು ಹುಚ್ಚಲ್ಲ, ದೇಹದಲ್ಲಿ ಆಗಿರುವ ಕೇಡನ್ನು ಮಿದುಳು ಸಾರುವ ಬಗೆ. ಸೋಂಕು, ನೀರಿನ ಕೊರತೆ, ರಕ್ತದಲ್ಲಿ ಸೋಡಿಯಂ ಅಥವಾ ಸಕ್ಕರೆಯ ಏರುಪೇರು, ಆಮ್ಲಜನಕದ ಅಭಾವ, ಮೂತ್ರ ಕಟ್ಟುವಿಕೆ, ನೋವು, ಕೆಲವು ಔಷಧಿಗಳು — ಇವುಗಳಲ್ಲಿ ಒಂದೋ ಹಲವೋ ಇದಕ್ಕೆ ಕಾರಣವಾಗಬಹುದು. ಕೆಲವು ರೋಗಿಗಳು ಗದ್ದಲ ಮಾಡದೆ ಮಂಕಾಗಿ ಬಿದ್ದಿರುತ್ತಾರೆ. ಅದೂ ಸನ್ನಿಯೇ, ಆದರೆ ಬಹುವೇಳೆ ಯಾರ ಗಮನಕ್ಕೂ ಬಾರದು.

1958ರಲ್ಲಿ ಬೆಲ್ಜಿಯಮ್ಮಿನ ಪೌಲ್ ಯಾನ್ಸೆನ್ನರ ಪ್ರಯೋಗಶಾಲೆಯಲ್ಲಿ ಸಿದ್ಧವಾದ ಹ್ಯಾಲೊಪೆರಿಡಾಲ್ ಎಂಬ ಮದ್ದು ಚಿತ್ತವಿಕಾರದ ರೋಗಿಗಳಿಗೆ ಮಹೋಪಕಾರ ಮಾಡಿದೆ. ಅದನ್ನೇ ಸನ್ನಿಗೂ ಕೊಡುವುದು ದಶಕಗಳ ರೂಢಿ. ರೂಢಿಯನ್ನು ಪರೀಕ್ಷೆಗೆ ಒಡ್ಡುವುದು ವಿಜ್ಞಾನದ ಧರ್ಮವಷ್ಟೆ. ಅಮೆರಿಕೆಯ 16 ಆಸ್ಪತ್ರೆಗಳ ತೀವ್ರ ನಿಗಾ ಘಟಕಗಳಲ್ಲಿ, ಸನ್ನಿಯಿದ್ದ 566 ರೋಗಿಗಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ಹ್ಯಾಲೊಪೆರಿಡಾಲ್, ಇನ್ನೊಂದಕ್ಕೆ ಅದೇ ವರ್ಗದ ಜಿಪ್ರಸಿಡೋನ್, ಮತ್ತೊಂದಕ್ಕೆ ಬರಿಯ ಹುಸಿಮದ್ದನ್ನು ಕೊಡಲಾಯಿತು. 2018ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಸನ್ನಿಯ ಅವಧಿಯನ್ನು ಕಡಿಮೆ ಮಾಡುವುದರಲ್ಲಿ ಈ ಮದ್ದುಗಳು ಹುಸಿಮದ್ದಿಗಿಂತ ಮೇಲೆನಿಸಲಿಲ್ಲ.

ನಾವು ಭೌತಶಾಸ್ತ್ರದ ಅಧ್ಯಾಪಕರು, ವೈದ್ಯರಲ್ಲ. ಆದರೂ ಇದರ ಮರ್ಮ ನಮಗೆ ಅಪರಿಚಿತವಲ್ಲ. ಗ್ಯಾಲ್ವನೋಮೀಟರಿನ ಮುಳ್ಳನ್ನು ಬೆರಳಿನಿಂದ ಹಿಡಿದು ನಿಲ್ಲಿಸಿದರೆ ತಂತಿಯಲ್ಲಿನ ವಿದ್ಯುತ್ತು ನಿಲ್ಲುವುದೇ? ರೋಗಿಯನ್ನು ಸುಮ್ಮನಾಗಿಸಿದರೆ ಒಳಗಿನ ಸೋಂಕು ಸುಮ್ಮನಾಗದು. ಮೇಲಾಗಿ ಈ ಮದ್ದುಗಳಿಂದ ಹೃದಯದ ಬಡಿತದ ಲಯ ತಪ್ಪಬಹುದು, ಕೈಕಾಲು ಬಿಗಿಯಬಹುದು.

ಹಾಗೆಂದು ಮದ್ದನ್ನು ನಾವು ತಿರಸ್ಕರಿಸುವುದಿಲ್ಲ. ರೋಗಿಯು ತನಗೋ ಇತರರಿಗೋ ಅಪಾಯ ಮಾಡಿಕೊಳ್ಳುವಂತಿದ್ದಾಗ ವೈದ್ಯರು ಅಲ್ಪ ಪ್ರಮಾಣದಲ್ಲಿ, ಅಲ್ಪ ಕಾಲ ಅದನ್ನು ಬಳಸಬೇಕಾಗಬಹುದು. ಕುಡಿತವನ್ನು ಹಠಾತ್ತನೆ ಬಿಟ್ಟವರ ಸನ್ನಿಗಂತೂ ಬೇರೆಯೇ ಚಿಕಿತ್ಸೆಯುಂಟು. ಆ ನಿರ್ಣಯ ವೈದ್ಯರದು, ಬಂಧುಗಳ ಒತ್ತಾಯದ್ದಲ್ಲ.

ಬಂಧುಗಳ ಕೆಲಸ ಬೇರೆ, ಅದು ಹಿರಿದೂ ಹೌದು. 1999ರಲ್ಲಿ ಶಾರನ್ ಇನೌಯಿ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ 70 ದಾಟಿದ 852 ರೋಗಿಗಳಿದ್ದರು. ರೋಗಿಗಳೊಡನೆ ಮಾತು, ಒಳ್ಳೆಯ ನಿದ್ರೆ, ನಡೆದಾಟ, ಕನ್ನಡಕ, ಶ್ರವಣಯಂತ್ರ, ಸಾಕಷ್ಟು ನೀರು — ಇವುಗಳನ್ನು ಒದಗಿಸಿದ ಗುಂಪಿನಲ್ಲಿ ಶೇಕಡಾ 9.9 ಮಂದಿಗೆ ಸನ್ನಿಯಾಯಿತು. ಎಂದಿನ ಉಪಚಾರ ಪಡೆದವರಲ್ಲಿ ಶೇಕಡಾ 15 ಮಂದಿಗೆ. ಅಲ್ಲಿ ಇದಕ್ಕಾಗಿ ಸ್ವಯಂಸೇವಕರನ್ನು ತರಬೇತುಗೊಳಿಸಬೇಕಾಯಿತು. ನಮ್ಮಲ್ಲಿಯೋ ಹಾಸಿಗೆಯ ಬದಿಗೆ ಮನೆಯವರೇ ಇರುತ್ತಾರೆ!

ಆದುದರಿಂದ ವಿದ್ಯಾರ್ಥಿ ಮಿತ್ರರೇ, ಅಂಥ ರಾತ್ರಿ ನಿಮಗೆ ಬಂದರೆ, "ಇವರು ನಿನ್ನೆಯವರೆಗೆ ಹೀಗಿರಲಿಲ್ಲ" ಎಂದು ವೈದ್ಯರಿಗೆ ಕೂಡಲೇ ತಿಳಿಸಿರಿ. ಕಾರಣವನ್ನು ಹುಡುಕುವಂತೆ ವಿನಂತಿಸಿರಿ. ಮನೆಯಲ್ಲಿ ಮರೆತ ಕನ್ನಡಕವನ್ನು ತರಿಸಿರಿ. ಬಳಿಕ ಕೈಹಿಡಿದು, "ಮುತ್ಯಾ, ಇದು ದವಾಖಾನಿ, ಇವತ್ತ ಸೋಮವಾರ, ನಾ ನಿನ್ನ ಮೊಮ್ಮಗ" ಎಂದು ಮೆಲ್ಲನೆ ಹೇಳಿರಿ; ಬೇಕಾದರೆ ನೂರು ಸಲ ಹೇಳಿರಿ.