ಲೈಬ್ರರಿಯೂ ಒಂದು ಕೆರೆಯೇ

ಪಂಚಾಯ್ತಿ ಲೈಬ್ರರಿಯ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದರು. ಮಕ್ಕಳಿಗೆ ಬೇಸಿಗೆ ಶಿಬಿರ: ಕತೆ, ಚಿತ್ರ, ಛದ್ಮವೇಷ, ರಸಪ್ರಶ್ನೆ. ದೊಡ್ಡವರಿಗೆ ಆರೋಗ್ಯದ ಭಾಷಣ, ಕಂಪ್ಯೂಟರ್ ಪರಿಚಯ. ಕೊನೆಗೆ ಎಲ್ಲ ಸರ್ಕಾರಿ ಹಾಳೆಗಳಲ್ಲೂ ಇರುವ ಅದೇ ಸಾಲು: ಸಾರ್ವಜನಿಕರು ಇದರ ಸದುಪಯೋಗ ಪಡೆಯಬೇಕು.

ಕಳೆ ತೆಗೆದು ಬರುತ್ತಿದ್ದ ಹೆಂಗಸೊಬ್ಬಳು ನಿಂತು, "ಏನಂತ ಬರ್ದವ್ರೆ ಮೇಷ್ಟ್ರೇ?" ಅಂದಳು. ಓದಿ ಹೇಳಿದೆ.

"ನಮ್ ಹೈಕ್ಳೂ ಬರ್ಬೌದಾ?"

"ಸಾರ್ವಜನಿಕರಿಗೆ ಅಂತ ಬರ್ದವ್ರಲ್ಲವ್ವ, ಎಲ್ರೂ ಬರಬೌದು."

"ಸಾರ್ವಜನಿಕ್ರು ಅಂದ್ರೆ ಊರೋರಲ್ವಾ ಮೇಷ್ಟ್ರೇ? ನಾವು ಕೇರಿಯೋರು."

ಅವಳು ವ್ಯಂಗ್ಯ ಮಾಡಲಿಲ್ಲ. ತಾನು ಹುಟ್ಟಿದಾಗಿನಿಂದ ಕಂಡದ್ದನ್ನು ಹೇಳಿದಳು. ಈ ದೇಶದಲ್ಲಿ ಸಾರ್ವಜನಿಕ ಬಾವಿ ಅಂದರೆ ಊರಿನ ಬಾವಿ, ಸಾರ್ವಜನಿಕ ಗುಡಿ ಅಂದರೆ ಊರಿನ ಗುಡಿ. ಹಾಗಾದರೆ ಸಾರ್ವಜನಿಕ ಗ್ರಂಥಾಲಯ ಯಾರದು?

ಲೆಕ್ಕದಿಂದಲೇ ಶುರು ಮಾಡೋಣ. ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ ಬಂದದ್ದು 1965ರಲ್ಲಿ. ಆ ಕಾಯ್ದೆಯ ಪ್ರಕಾರ ಮನೆ ಕಂದಾಯದ ಜೊತೆಗೆ ಗ್ರಂಥಾಲಯ ಕರ ಎತ್ತುತ್ತಾರೆ. ಇವತ್ತು ಅದು ನೂರಕ್ಕೆ 6 ರೂಪಾಯಿ. ಕೇರಿಯ ಮನೆಗೆ ಹಾಕಿದ ಕಂದಾಯದ ರಸೀದಿಯಲ್ಲೂ ಆ ಕರ ಇರುತ್ತದೆ. ಕರ ಎತ್ತುವಾಗ ಮಡಿ ಮೈಲಿಗೆ ಅಡ್ಡ ಬರುವುದಿಲ್ಲ. ಅಕ್ಷರ ಬಾರದ ಅಜ್ಜಿ ಕೂಡ ಲೈಬ್ರರಿಗೆ ದುಡ್ಡು ಕಟ್ಟಿದ್ದಾಳೆ. ಇದು ಸರ್ಕಾರ ಕೊಟ್ಟ ಭಿಕ್ಷೆಯಲ್ಲ, ನಮ್ಮ ಗಂಟು. ಆದ್ದರಿಂದ ಅಲ್ಲಿ ಏನು ನಡೆಯುತ್ತದೆ, ಯಾವ ಹೊತ್ತಿಗೆ ನಡೆಯುತ್ತದೆ ಎಂದು ಕೇಳುವುದು ನಮ್ಮ ಹಕ್ಕು.

ಆಗಿರುವ ಒಳ್ಳೆಯದನ್ನು ಇಲ್ಲ ಅನ್ನುವುದು ಬೇಡ. 2019ರಲ್ಲಿ ಗ್ರಾಮ ಪಂಚಾಯ್ತಿ ಲೈಬ್ರರಿಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. 2020ರ ನವೆಂಬರಿನಲ್ಲಿ, ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗ, 'ಓದುವ ಬೆಳಕು' ಎಂಬ ಕಾರ್ಯಕ್ರಮ ತಂದು ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಕೊಟ್ಟರು. ಈಗ ಇವನ್ನು 'ಅರಿವು ಕೇಂದ್ರ' ಅನ್ನುತ್ತಾರೆ. ಹಲವು ಕಡೆ ಗೋಡೆಗೆ ಬಣ್ಣ ಬಂತು, ಕಂಪ್ಯೂಟರ್ ಬಂತು. ಒಪ್ಪೋಣ. ಆದರೆ ಬಾಗಿಲು ತೆರೆಯುವುದೇ ಬೇರೆ, ಒಳಗೆ ಹೋಗುವುದೇ ಬೇರೆ.

ಇದನ್ನು ನಮಗೆ ಕಲಿಸಿದ್ದು ಮಹಾಡ್. 1923ರಲ್ಲೇ ಮುಂಬಯಿ ಶಾಸನಸಭೆ ಸಾರ್ವಜನಿಕ ಹಣದ ಕೆರೆ, ಬಾವಿ, ಶಾಲೆಗಳು ಅಸ್ಪೃಶ್ಯರಿಗೂ ಮುಕ್ತ ಎಂದು ನಿರ್ಣಯ ಮಾಡಿತ್ತು. 1924ರಲ್ಲಿ ಮಹಾಡ್ ಪುರಸಭೆಯೂ ಚೌದಾರ್ ಕೆರೆ ಎಲ್ಲರಿಗೂ ಮುಕ್ತ ಅಂದಿತು. ಕಾಗದ ಸೊಗಸಾಗಿತ್ತು. ನೀರು ಮುಟ್ಟಲು ಮಾತ್ರ ಯಾರಿಗೂ ಆಗಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಡನೆ ನಡೆದುಹೋಗಿ ಬೊಗಸೆ ನೀರು ಕುಡಿದ ಮೇಲೇ ಆ ಕಾಗದಕ್ಕೆ ಜೀವ ಬಂದದ್ದು. ಮೇಲುಜಾತಿಯವರು ಹೊಡೆದರು, ಕೆರೆಗೆ ಗಂಜಲ ಸುರಿದು ಶುದ್ಧಿ ಮಾಡಿದರು. ಲೈಬ್ರರಿಯೂ ಒಂದು ಕೆರೆಯೇ. ಅದರ ಬಾಗಿಲ ಹಾಳೆಯೂ ಒಂದು ನಿರ್ಣಯವೇ. ಯಾರೂ ಬೇಡ ಅನ್ನಲಿಲ್ಲ ಅಂದ ಮಾತ್ರಕ್ಕೆ ಎಲ್ಲರೂ ಬಂದಂತಾಯಿತೇ?

ಇನ್ನು ಕಾರ್ಯಕ್ರಮಗಳ ವಿಷಯ. ಛದ್ಮವೇಷ ಅನ್ನುತ್ತಾರೆ. ಬಾಡಿಗೆ ಬಟ್ಟೆ ತಂದು ಕೃಷ್ಣನ ವೇಷ ಹಾಕಿಸುವ ಶಕ್ತಿ ಯಾವ ಕೂಲಿಕಾರನಿಗಿದೆ? ರಸಪ್ರಶ್ನೆ ಅನ್ನುತ್ತಾರೆ. ಟ್ಯೂಷನ್‌ಗೆ ಹೋಗುವ ಮಗು ಗೆಲ್ಲುತ್ತದೆ, ಆಡು ಕಾಯುವ ಮಗು ಚಪ್ಪಾಳೆ ತಟ್ಟುತ್ತದೆ. ಇದನ್ನು ಪ್ರತಿಭೆ ಅನ್ನುತ್ತಾರೆ! ಅದೇ ಶಿಬಿರದಲ್ಲಿ ಒಂದು ದಿನ ಹಟ್ಟಿಯ ಅಜ್ಜಿಯನ್ನು ಕೂರಿಸಿ ಕತೆ ಹೇಳಿಸಲಿ. ನೀಲಗಾರರನ್ನು ಕರೆಸಿ ಮಂಟೇಸ್ವಾಮಿಯನ್ನು ಹಾಡಿಸಲಿ. ಮಕ್ಕಳಿಂದ ತಮ್ಮ ಬದುಕನ್ನೇ ಬರೆಸಲಿ. 1855ರಲ್ಲಿ, ಫುಲೆ ದಂಪತಿಗಳ ಶಾಲೆಯಲ್ಲಿ ಓದುತ್ತಿದ್ದ ಮುಕ್ತಾ ಸಾಳ್ವೆ ಎಂಬ ಮಾಂಗ್ ಜಾತಿಯ ಹುಡುಗಿ ತನ್ನ ಜನರ ಸಂಕಟದ ಮೇಲೆ ಪ್ರಬಂಧ ಬರೆದಳು. ಅದು ಪತ್ರಿಕೆಯಲ್ಲಿ ಅಚ್ಚಾಯಿತು. ಆಗ ಅವಳಿನ್ನೂ ಹದಿಹರೆಯದವಳು. ಅಂಥ ಹುಡುಗಿ ನಮ್ಮ ಕೇರಿಯಲ್ಲೂ ಇದ್ದಾಳೆ. ಅವಳ ಕೈಗೆ ಕಾಗದ ಕೊಡುವವರು ಯಾರು?

ದೊಡ್ಡವರ ಕಾರ್ಯಕ್ರಮ ಮಧ್ಯಾಹ್ನ ಇಟ್ಟರೆ ಬರುವವರು ಯಾರು? ನೆರಳಲ್ಲಿ ಕೂತು ಪೇಪರ್ ಓದಲು ಪುರುಸೊತ್ತು ಇರುವವರು. ಕೂಲಿ ಮುಗಿಸಿ ಬರುವ ಹೊತ್ತಿಗೆ ಬೀಗ. ದುಡಿಯುವವರಿಗೆ ಹಗಲು ಬಿಡುವಿಲ್ಲ ಎಂದು ಅರಿತು ಜೋತಿಬಾ, ಸಾವಿತ್ರಿಬಾಯಿ 1855ರಲ್ಲೇ ರಾತ್ರಿಶಾಲೆ ತೆರೆದಿದ್ದರು. ಅವರಿಗೆ ಹೊಳೆದದ್ದು ಇವತ್ತಿನವರಿಗೆ ಯಾಕೆ ಹೊಳೆಯುವುದಿಲ್ಲ?

ನಮ್ಮ ದೊಡ್ಡವರಿಗೆ ಬೇಕಾದ ಓದು ಯಾವುದು? ಪಹಣಿ. ಕೂಲಿಯ ಹಾಜರಿ ಪಟ್ಟಿ. ಬ್ಯಾಂಕಿನ ಪುಸ್ತಕ. ಕೋರ್ಟಿನ ನೋಟೀಸು. ಹೆಬ್ಬೆಟ್ಟು ಒತ್ತಿಸಿಕೊಂಡು ಎಷ್ಟು ದರಕಾಸ್ತು ಜಮೀನು ನುಂಗಿದರು! ಅಂಥ ಜಮೀನನ್ನು ವಾಪಸು ಕೊಡಿಸಲೆಂದೇ 1978ರಲ್ಲಿ ಪಿಟಿಸಿಎಲ್ ಕಾಯ್ದೆ ಬಂತು. ಅರ್ಜಿ ತಡವಾಯಿತು ಎಂದು ತಳ್ಳಿಹಾಕಬಾರದು ಎಂಬ ತಿದ್ದುಪಡಿ 2023ರಲ್ಲಿ ಬಂತು. ಜಮೀನು ಕಳಕೊಂಡವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತು? ಒಂದು ಸಂಜೆ ಲೈಬ್ರರಿಯಲ್ಲಿ ಇದನ್ನು ಗಟ್ಟಿಯಾಗಿ ಓದಿ ಹೇಳಲಿ. ಆಗ ಗೊತ್ತಾಗುತ್ತದೆ, ಅರಿವಿಗೆ ಹೆದರುವವರು ಯಾರು ಅಂತ.

1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದಾಗ ಬೆಂಕಿ ಬಿತ್ತು, ಮಂತ್ರಿ ಪದವಿ ಹೋಯಿತು. ಇವತ್ತು ನಿಮ್ಮೂರಿನ ಲೈಬ್ರರಿ ಕಪಾಟು ನೋಡಿ ಬನ್ನಿ. ಅಂಬೇಡ್ಕರ್ ಸಂಪುಟಗಳು ಇವೆಯೇ? ಇದ್ದರೆ ಬೀಗದೊಳಗಿವೆಯೇ, ಕೈಗೆ ಸಿಗುತ್ತವೆಯೇ? ದೇವನೂರ, ಸಿದ್ಧಲಿಂಗಯ್ಯ, ಮಾಲಗತ್ತಿ, ಗೀತಾ ನಾಗಭೂಷಣ ಇದ್ದಾರೆಯೇ? ಲೆಕ್ಕ ಹಾಕಿ.

ಮೇಲ್ವಿಚಾರಕರ ಮೇಲೆ ಹರಿಹಾಯುವುದು ಬೇಡ. ಗೌರವಧನ ಎಂಬ ಹೆಸರಿನಲ್ಲಿ ಅವರನ್ನು ದುಡಿಸಿಕೊಂಡದ್ದೂ ಶೋಷಣೆಯೇ. ಸಂಜೆ ಬಾಗಿಲು ತೆರೆಯಿರಿ ಎಂದು ಕೇಳುವಾಗ ಅವರ ಸಂಬಳವನ್ನೂ ಸೇರಿಸಿ ಕೇಳಬೇಕು. ಬಯ್ಯಬೇಕಾದ್ದು ಮೊದಲು ನಮ್ಮನ್ನೇ. ಏಪ್ರಿಲ್ 14ಕ್ಕೆ ಮೈಕು ಕಟ್ಟಿ, ಹಾರ ಹಾಕಿ, ಮೆರವಣಿಗೆ ಮಾಡುತ್ತೇವೆ. ಓದಿಗಾಗಿಯೇ ರಾಜಗೃಹ ಕಟ್ಟಿಸಿದ ಮನುಷ್ಯನ ಹೆಸರು ಹೇಳುವ ನಾವು ಲೈಬ್ರರಿಯ ರಿಜಿಸ್ಟರಿನಲ್ಲಿ ಎಷ್ಟು ಸಲ ಸಹಿ ಹಾಕಿದ್ದೇವೆ?

ಆದ್ದರಿಂದ ಗೆಳೆಯರೇ, ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ಬಾಗಿಲು ಸಂಜೆ ತೆರೆದಿರಲಿ. ಕಾರ್ಯಕ್ರಮದ ಡಂಗುರ ಕೇರಿಯಲ್ಲೂ ಹೊಡೆಯಲಿ. ತಿಂಗಳಿಗೊಂದು ಕಾರ್ಯಕ್ರಮ ಕೇರಿಯಲ್ಲೇ ನಡೆಯಲಿ, ಊರಿನ ಮಕ್ಕಳು ಅಲ್ಲಿಗೆ ಬಂದು ಒಂದೇ ಚಾಪೆಯ ಮೇಲೆ ಕೂರಲಿ. ಗ್ರಂಥಾಲಯ ಕರದ ಲೆಕ್ಕ ಗೋಡೆಗೆ ಅಂಟಿಸಲಿ.

ಮೇಷ್ಟ್ರುಗಳೇ, ಅಲ್ಲಿಯವರೆಗೆ ಕಾಯಬೇಡಿ. ಈ ಭಾನುವಾರ ಕೇರಿಯ ನಾಲ್ಕು ಮಕ್ಕಳ ಕೈ ಹಿಡಿದು ಆ ಬಾಗಿಲು ದಾಟಿಸಿ. ಸದಸ್ಯತ್ವದ ಪುಸ್ತಕದಲ್ಲಿ ಅವರ ಹೆಸರು ಬರೆಸಿ. ಆ ಅವ್ವನನ್ನೂ ಕರೆದೊಯ್ಯಿರಿ. 'ಸಾರ್ವಜನಿಕರು' ಅನ್ನುವ ಪದದಲ್ಲಿ ಅವಳೂ ಇದ್ದಾಳೆ ಎಂದು ಅವಳಿಗೂ ಗೊತ್ತಾಗಲಿ, ಊರಿಗೂ ಗೊತ್ತಾಗಲಿ.